‘ಕಳ್ಳಾಟ’ ಅಲ್ಲದ ಕಾಟಕ್ಕೆ ನಿಮ್ಮ ಕಡೆ ಏನಂತಾರೆ?

ಗೆಳೆಯರೇ,

ದಾವಣಗೆರೆಯ ವಿದ್ಯಾನಗರದ ಕಡೆ ಕಾಲೇಜು ಹುಡುಗರು ಸಂಜೆ ಸೇರಿ ಟೆಕ್ಕನ್, ಸ್ಟ್ರೀಟ್ ಫೈಟರ್ ಎಂಬ ಹೊಡೆದಾಟದ ವಿಡಿಯೋ ಗೇಮ್‌ಗಳನ್ನು ಆಡುತ್ತಾರೆ. ನನ್ನ ತಂಗಿಯ ಮಗನೂ ಅವರಲ್ಲೊಬ್ಬ. ಅವರ ಬಾಯಲ್ಲಿ ಜಾಸ್ತಿ ಕೇಳುವ ಪದ ‘ಕಳ್ಳಾಟ’. ಮೇಲಿಂದ ಮೇಲೆ ಹಿಡಿದು ಎಸೆದರೆ ಕಳ್ಳಾಟ. ದೂರ ನಿಂತು ಒಂದೇ ಏಟು ಬಿಡುತ್ತಿದ್ದರೆ ಅದೂ ಕಳ್ಳಾಟ. ಸೋಲುವ ಹೊತ್ತಿಗೆ ಇಂಟರ್ನೆಟ್ ವೈರ್ ಕಿತ್ತರೆ ಅದೂ ಕಳ್ಳಾಟವೇ.

ಮೂರನ್ನೂ ಒಂದೇ ಪದದಲ್ಲಿ ಕಟ್ಟಿಹಾಕುವುದು ಅನ್ಯಾಯ ಅನ್ನೋದು ನನ್ನ ವಾದ. ವೈರ್ ಕೀಳೋದು ಖಂಡಿತ ಕಳ್ಳಾಟ, ಎದುರಾಳಿಯ ಗೆಲುವನ್ನೇ ಕದ್ದ ಹಾಗೆ. ಆದರೆ ಹಿಡಿದು ಎಸೆಯೋದು ಆಟವೇ ಕೊಟ್ಟಿರುವ ಪಟ್ಟು. ಟೆಕ್ಕನ್‌ನಲ್ಲಿ ಎದುರಾಳಿಯ ಎಡಗೈ ಮುಂದೆ ಬಂತಾ, ಬಲಗೈ ಬಂತಾ, ಎರಡೂ ಬಂದವಾ ಎಂದು ನೋಡಿ ಅದಕ್ಕೆ ತಕ್ಕ ಬಟನ್ ಒತ್ತಿದರೆ ಹಿಡಿತ ಬಿಡಿಸಿಕೊಳ್ಳಬಹುದು. ಕ್ಷಣದೊಳಗೆ ಆಗಬೇಕಾದ ಕೆಲಸ, ಕಷ್ಟ ನಿಜ. ಕಷ್ಟ ಅಂದ ಮಾತ್ರಕ್ಕೆ ಎದುರಿನವನು ಕಳ್ಳ ಆಗುತ್ತಾನಾ?

ಇಂಗ್ಲಿಷಿನಲ್ಲಿ ಆಡುವವರು ಇಂಥ ಆಟವನ್ನು ‘ಚೀಪ್’ ಅಂತಾರೆ. ಸದಾ ಹಾಗೆ ದೂರುವವನಿಗೆ ‘ಸ್ಕ್ರಬ್’ ಅಂತಾರೆ. ಸ್ಟ್ರೀಟ್ ಫೈಟರ್ ಆಟಗಾರ ಡೇವಿಡ್ ಸರ್ಲಿನ್ ಈ ಪದವನ್ನು ಚೆನ್ನಾಗಿ ಬಿಡಿಸಿ ಬರೆದಿದ್ದಾರೆ. ಅವರ ಪ್ರಕಾರ ಸ್ಕ್ರಬ್ ಅಂದರೆ ಬರೀ ಆಡಲು ಬಾರದವನಲ್ಲ. ಆಟದಲ್ಲಿಲ್ಲದ ನಿಯಮಗಳನ್ನು ತಾನೇ ಹಾಕಿಕೊಂಡು ಕೈ ಕಟ್ಟಿಕೊಳ್ಳುವವನು. ನಮ್ಮ ‘ಅಳುಮುಂಜಿ’ ಸ್ವಲ್ಪ ಹತ್ತಿರ ಬರುತ್ತದೆ, ಆದರೆ ಆ ನಿಯಮದ ಭಾಗ ಅದರಲ್ಲಿಲ್ಲ.

ಹಾಗಂತ ಆಟದಲ್ಲಿ ಇರುವುದೆಲ್ಲ ಸರಿ ಅಂತಲೂ ನಾನು ಹೇಳುತ್ತಿಲ್ಲ. 1994ರ ಸೂಪರ್ ಸ್ಟ್ರೀಟ್ ಫೈಟರ್ 2 ಟರ್ಬೊದಲ್ಲಿ ಅಕುಮಾ ಎಂಬ ಗುಪ್ತ ಪಾತ್ರ ಇದೆ. ಅವನ ಬಲ ವಿಪರೀತ ಅಂತ ಟೂರ್ನಮೆಂಟುಗಳಲ್ಲಿ ಅವನನ್ನು ಹೊರಗಿಟ್ಟರು. ಅಂಥ ಕಡೆ ಅಕುಮಾನನ್ನು ಆರಿಸಿದರೆ ಕಳ್ಳಾಟ ಅನ್ನಲಿ, ಒಪ್ಪುತ್ತೇನೆ. ಅದು ಆಡುವ ಮೊದಲೇ ಎಲ್ಲರಿಗೂ ತಿಳಿಸಿದ ನಿಯಮ.

2004ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಡೆದ ಇವೋ ಎಂಬ ದೊಡ್ಡ ಟೂರ್ನಮೆಂಟಿನಲ್ಲಿ ಜಸ್ಟಿನ್ ವಾಂಗ್ ಮತ್ತು ದೈಗೊ ಉಮೆಹಾರ ಆಡಿದ ಆಟವನ್ನು ಈ ಹುಡುಗರೆಲ್ಲ ನೋಡಿದ್ದಾರೆ. ವಾಂಗ್ ಮೈಮೇಲೆ ಬೀಳದೆ ಕಾದು ಕಾದು ಆಡಿದರು. ದೈಗೊ ಆಡಿಸುತ್ತಿದ್ದ ಕೆನ್ ಎಂಬ ಪಾತ್ರಕ್ಕೆ ಉಳಿದಿದ್ದು ಕೂದಲೆಳೆಯಷ್ಟು ಜೀವ. ಸುಮ್ನೆ ತಡೆದರೂ ಚೂರುಚೂರೇ ಸವೆದು ಸೋಲಬೇಕು. ಆಗ ವಾಂಗ್‌ನ ಪಾತ್ರ ಚುನ್-ಲಿ ಬಿಟ್ಟ ‘ಸೂಪರ್’ ಎಂಬ ದೊಡ್ಡ ಪಟ್ಟಿನ 15 ಏಟುಗಳನ್ನೂ ದೈಗೊ ಒಂದೊಂದಾಗಿ ಪ್ಯಾರಿ ಮಾಡಿ, ಅಂದರೆ ಏಟು ಬೀಳುವ ಗಳಿಗೆಗೇ ಜೀವ ಸವೆಯದ ಹಾಗೆ ತಳ್ಳಿಹಾಕಿ, ತಿರುಗಿ ಹೊಡೆದು ಆ ಪಂದ್ಯ ಗೆದ್ದರು. ವಾಂಗ್‌ನ ಕಾಯುವ ಆಟಕ್ಕೆ ಕಳ್ಳಾಟ ಅಂದುಬಿಟ್ಟರೆ ದೈಗೊ ಏನನ್ನು ಗೆದ್ದರು ಅನ್ನೋದೇ ತಿಳಿಯೋದಿಲ್ಲ.

ನಮ್ಮದು ಗರಡಿ ಮನೆಗಳ ಊರು. ದುಗ್ಗಮ್ಮನ ಜಾತ್ರೆಯ ಕುಸ್ತಿ ನೋಡಿಕೊಂಡೇ ಬೆಳೆದವರು ನಾವು. ‘ಪಟ್ಟು’, ‘ಚಿತ್’ ಈ ಹುಡುಗರ ಆಟಕ್ಕೂ ಬಂದಿವೆ, ನನಗೆ ತುಂಬಾ ಖುಷಿ. ‘ಬಸ್ಕಿ’ಯೂ ಬಂದಿದೆ. ಗೆದ್ದವನು ಬಿದ್ದವನ ಮುಂದೆ ತನ್ನ ಪಾತ್ರವನ್ನು ಕೂರಿಸಿ ಎಬ್ಬಿಸಿ ಹೀಯಾಳಿಸುತ್ತಾನಲ್ಲ, ಅದಕ್ಕೆ ‘ಬಸ್ಕಿ ಹೊಡೆಯೋದು’ ಅಂತಾರೆ. ಇಂಗ್ಲಿಷ್ ಹೆಸರು ಮನೆಯಲ್ಲಿ ಹೇಳುವಂಥದ್ದಲ್ಲ. ಪದ ಒಳ್ಳೆಯದು. ಆ ಚಾಳಿ ಮಾತ್ರ ನನಗೆ ಹಿಡಿಸೋದಿಲ್ಲ. ಗರಡಿಯಲ್ಲಿ ಬಸ್ಕಿ ಹೊಡೆಯೋದು ಮೈ ಕಟ್ಟಲಿಕ್ಕೆ, ಬಿದ್ದವನನ್ನು ಅಣಕಿಸಲಿಕ್ಕಲ್ಲ.

ನನಗೆ ಬೇಕಾದ ಪದ ಹುಡುಗರಲ್ಲೇ ಸಿಕ್ಕಿತು ಅನ್ನಿಸುತ್ತದೆ. ಚಿತ್ರದುರ್ಗದ ಕಡೆಯಿಂದ ಓದಲು ಬಂದ ಒಬ್ಬ, ಹಿಡಿದು ಎಸೆಯುವ ಗೆಳೆಯನಿಗೆ ‘ಏನ್ ಕಾಟದಾಟ ಆಡ್ತೀಯೋ’ ಅಂದ. ಕಾಟ ಇದೆ, ಕಳ್ಳತನದ ಆರೋಪ ಇಲ್ಲ. ಸೋಲುವವನ ಸಿಟ್ಟಿಗೂ ಜಾಗ ಇದೆ.

ಇದು ಅವನ ಬಾಯಲ್ಲಿ ಆ ಹೊತ್ತಿಗೆ ಹುಟ್ಟಿದ ಪದವಾ, ಇಲ್ಲ ದುರ್ಗದ ಕಡೆ ಮೊದಲಿಂದಲೂ ಇದೆಯಾ? ಹಿರಿಯೂರು, ಹೊಳಲ್ಕೆರೆ, ಚಳ್ಳಕೆರೆಯವರು ದಯವಿಟ್ಟು ಹೇಳಿ. ಗೋಲಿ, ಲಗೋರಿ, ಚೌಕಾಬಾರ ಆಡುವಾಗ ನಿಯಮದೊಳಗೇ ಇದ್ದು ಸತಾಯಿಸುವವನಿಗೆ ನಿಮ್ಮಲ್ಲಿ ಏನಂತಿದ್ದರು?