ಹಳೇ ಫರ್ನಿಚರ್ ತಗೊಂಡರೆ ಕೆಮಿಕಲ್ ಘಾಟು ತಪ್ಪುತ್ತಾ?

ಪ್ರಶ್ನೆ: ಪಾರ್ಟಿಕಲ್ ಬೋರ್ಡಿನ ಹೊಸ ವಾರ್ಡ್‌ರೋಬ್ ಬಾಗಿಲು ತೆಗೆದರೆ ಸಾಕು, ಕಣ್ಣು ಉರಿಯುತ್ತದೆ. ನಾನೀಗ ಗರ್ಭಿಣಿ. ಮಂಚ, ಮೇಜು ಇನ್ನೂ ತಗೊಳ್ಳಬೇಕು. ಸೆಕೆಂಡ್ ಹ್ಯಾಂಡ್ ತಗೊಂಡರೆ ಈ ಕಾಟ ಇರಲ್ವಾ?

ಉತ್ತರ (ಮರಗೆಲಸದವರು): ಬಹುಮಟ್ಟಿಗೆ ತಪ್ಪುತ್ತದೆ. ಆ ಘಾಟು ಅಂಟಿನದು. ಮರದ ಹೊಟ್ಟನ್ನು ಯೂರಿಯಾ ಫಾರ್ಮಾಲ್ಡಿಹೈಡ್ ಅಂಟಿನಲ್ಲಿ ಕಲಸಿ, ಬಿಸಿಯಲ್ಲಿ ಒತ್ತಿ ಬೋರ್ಡ್ ಮಾಡುತ್ತಾರೆ. ಅದರಿಂದ ಫಾರ್ಮಾಲ್ಡಿಹೈಡ್ ಅನಿಲ ಬರುತ್ತಲೇ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಇದನ್ನು ಕ್ಯಾನ್ಸರ್ ತರುವ ವಸ್ತು ಅಂದಿದೆ. ಮೊದಲ ಕೆಲವು ತಿಂಗಳು ಜಾಸ್ತಿ, ಆಮೇಲೆ ಇಳಿಯುತ್ತಾ ಹೋಗುತ್ತದೆ. ಸೆಕೆ, ತೇವ ಜಾಸ್ತಿಯಾದರೆ ಘಾಟೂ ಏರುತ್ತದೆ.

ಹಾಗಾಗಿ ನಾಲ್ಕಾರು ವರ್ಷ ಹಳೆಯ ಬೋರ್ಡೂ ಹೊಸದಕ್ಕಿಂತ ವಾಸಿ. ತೇಗ, ಹೊನ್ನೆ, ಹಲಸಿನಂಥ ಗಟ್ಟಿ ಮರ ಸಿಕ್ಕರಂತೂ ಕಣ್ಣುಮುಚ್ಚಿ ತಗೊಳ್ಳಿ ಅನ್ನುತ್ತಿದ್ದೆ, ಆದರೆ ಕಣ್ಣು ತೆರೆದೇ ನೋಡಬೇಕು. ಡ್ರಾಯರ್ ಪೂರ್ತಿ ಹೊರಗೆಳೆದು ತಿರುಗಿಸಿ. ಮೇಲ್ಮೈಯ ಎಳೆ ಅಂಚಿನಲ್ಲೂ ಮುಂದುವರಿದಿದ್ದರೆ ಮರ. ಅಂಚಿನಲ್ಲಿ ಹೊಟ್ಟು ಒತ್ತಿದ ಹಾಗೆ ಕಂಡರೆ ಬೋರ್ಡ್ ಮೇಲೆ ವೆನೀರ್ (ಮರದ ತೆಳು ಪದರ) ಅಂಟಿಸಿದ್ದಾರೆ. ಡ್ರಾಯರ್ ತೆಗೆದ ಖಾಲಿ ಗೂಡಿನ ವಾಸನೆಯನ್ನೂ ಮೂಸಿ ನೋಡಿ. ಸಂದಿಯಲ್ಲಿ ಕಪ್ಪು ಚುಕ್ಕೆ ಕಂಡರೆ ತಿಗಣೆ, ಬಿಟ್ಟುಬಿಡಿ.

ಮುಖ್ಯವಾದದ್ದು ಇನ್ನೊಂದಿದೆ. "ಹೊಸದರ ಥರ ಮಾಡಿ ಕೊಡ್ತೀವಿ" ಅಂತ ಅಂಗಡಿಯವರು ಮೆಲಮೈನ್ ಪಾಲಿಶ್ ಹೊಡೆಸಿಬಿಡುತ್ತಾರೆ. ಅದರಿಂದಲೂ ಫಾರ್ಮಾಲ್ಡಿಹೈಡ್ ಬರುತ್ತದೆ, ಥಿನ್ನರ್ ಬೇರೆ. ನೀವು ತಪ್ಪಿಸಿಕೊಂಡದ್ದೇ ಮನೆಗೆ ಬಂದ ಹಾಗಾಯ್ತು ಅಲ್ವಾ? ಇದ್ದ ಹಾಗೇ ಕೊಡಿ ಅನ್ನಿ. ಪಾಲಿಶ್ ಬೇಕೇ ಬೇಕೆಂದರೆ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಹಚ್ಚುವ ಫ್ರೆಂಚ್ ಪಾಲಿಶ್ ಕೇಳಿ. ಸ್ಪಿರಿಟ್ ಬೇಗ ಆರುತ್ತದೆ.

ಪ್ರಶ್ನೆ: ಅಮ್ಮನ ಮನೆಯಲ್ಲಿ ಬಣ್ಣದ ಹಳೇ ತೊಟ್ಟಿಲಿದೆ. ಉಜ್ಜಿಸಿ ಮತ್ತೆ ಬಣ್ಣ ಹೊಡೆಸಲಾ? ಈ ವಾರ್ಡ್‌ರೋಬ್ ಏನು ಮಾಡಲಿ?

ಉತ್ತರ: ತೊಟ್ಟಿಲು ಉಜ್ಜಿಸಲೇಬೇಡಿ. ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ಮೀರಬಾರದು ಅನ್ನುವ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಳೇ ಬಣ್ಣದಲ್ಲಿ ಸೀಸ ಜಾಸ್ತಿ ಇರಬಹುದು. ಉಜ್ಜಿದರೆ ಅದರ ಧೂಳು ಏಳುತ್ತದೆ, ಮಗು ಕಚ್ಚಿದರೆ ಬಾಯಿಗೇ ಹೋಗುತ್ತದೆ. ಮಗುವಿಗೆ ಬಣ್ಣ ಹಚ್ಚದ ಮರದ ತೊಟ್ಟಿಲು ಹುಡುಕಿ.

ವಾರ್ಡ್‌ರೋಬ್‌ನಲ್ಲಿ ಲ್ಯಾಮಿನೇಟ್ ಇಲ್ಲದ ಅಂಚು, ಹಿಂಭಾಗ, ಸ್ಕ್ರೂ ತೂತುಗಳಿಂದಲೇ ಜಾಸ್ತಿ ಘಾಟು ಬರುವುದು. ಅಂಚಿಗೆ ಎಡ್ಜ್ ಬ್ಯಾಂಡ್ (ಅಂಚು ಮುಚ್ಚುವ ಪಟ್ಟಿ) ಹಾಕಿಸಿ, ಹಿಂಭಾಗಕ್ಕೆ ಲ್ಯಾಮಿನೇಟ್ ಅಂಟಿಸಿ, ತೂತುಗಳನ್ನು ಮುಚ್ಚಿಸಿ. ಬಾಗಿಲು, ಕಿಟಕಿ ತೆರೆದಿಡಿ. ಆ ಕೋಣೆಯಲ್ಲಿ ಸದ್ಯಕ್ಕೆ ಮಲಗಬೇಡಿ.