ಹುಡುಕಿದರೆ ಕೆಲಸ ಸಿಗುತ್ತಂತೆ!

ಮಾವ: (ಫಾರ್ವರ್ಡ್) "ಟ್ಯಾಲೆಂಟ್ ಇದ್ದವರಿಗೆ ರಿಸೆಷನ್ ಇಲ್ಲ. ಕೆಲಸ ಸಿಗಲಿಲ್ಲ ಅನ್ನುವವರು ಸರಿಯಾಗಿ ಹುಡುಕಿಲ್ಲ ಅಷ್ಟೇ."
ಕೆಲಸ ಹುಡುಕುತ್ತಿರುವ ನಮ್ಮ ಪುಟ್ಟಿ ಓದಲಿ ಅಂತ ಗ್ರೂಪಿಗೆ ಹಾಕಿದ್ದೇನೆ.

ಅತ್ತೆ: 🙏🙏 ನಿಜ

ಅಣ್ಣ: ಮಾವ, ಬೇಜಾರು ಮಾಡ್ಕೋಬೇಡಿ, ಇದು ಶುದ್ಧ ಸುಳ್ಳು. ನಾನು 2009ರ ಬ್ಯಾಚ್. ಆರನೇ ಸೆಮಿಸ್ಟರ್‌ನಲ್ಲೇ ಕ್ಯಾಂಪಸ್ ಸೆಲೆಕ್ಷನ್ ಆಗಿತ್ತು, ನೀವೇ ಬೀದಿಗೆಲ್ಲ ಮೈಸೂರು ಪಾಕ್ ಹಂಚಿದ್ದಿರಿ. 2008ರ ಸೆಪ್ಟೆಂಬರ್ 15ಕ್ಕೆ ಅಮೆರಿಕದಲ್ಲಿ ಲೇಮನ್ ಬ್ರದರ್ಸ್ ಅನ್ನುವ ದೊಡ್ಡ ಬ್ಯಾಂಕ್ ದಿವಾಳಿ ಅಂದಿತು. ಅಲ್ಲಿನ ಬ್ಯಾಂಕುಗಳನ್ನೇ ನಂಬಿಕೊಂಡಿದ್ದ ಎಷ್ಟೋ ಐಟಿ ಕಂಪನಿಗಳು ಇಲ್ಲಿ ಫ್ರೆಶರ್‌ಗಳನ್ನು ತಗೊಳ್ಳೋದಕ್ಕೆ ಹಿಂದೆಮುಂದೆ ನೋಡಿದವು. ಜನವರಿಯಲ್ಲಿ ಸತ್ಯಂ ಅನ್ನುವ ಐಟಿ ಕಂಪನಿಯ ಸುಳ್ಳು ಲೆಕ್ಕದ ಹಗರಣ ಬೇರೆ. ಒಳಗಿರುವವರನ್ನು ತೆಗೆಯೋದು ಕಷ್ಟ, ಬರಬೇಕಾದವರನ್ನು ಬಾಗಿಲಲ್ಲೇ ನಿಲ್ಲಿಸೋದು ಸುಲಭ ಅಲ್ವಾ? ನನ್ನ ಆಫರ್ ಲೆಟರ್‌ನಲ್ಲಿ ಜಾಯಿನಿಂಗ್ ಡೇಟ್ ಜಾಗ ಖಾಲಿ. ಪ್ರತಿ ಸೋಮವಾರ ಫೋನ್ ಮಾಡುತ್ತಿದ್ದೆ, "ಮೇಲ್ ಬರುತ್ತೆ" ಅನ್ನುತ್ತಿದ್ದರು. ಹನ್ನೊಂದು ತಿಂಗಳು! ಆಮೇಲೆ ಬೇರೆ ಕಡೆ ಇಂಟರ್‌ವ್ಯೂಗೆ ಹೋದರೆ ಮೊದಲ ಪ್ರಶ್ನೆಯೇ, "ಒಂದು ವರ್ಷ ಏನು ಮಾಡುತ್ತಿದ್ದಿರಿ?"

ಮಾವ: ನಮಗೇನು ಯಾರಾದರೂ ಮನೆಗೆ ತಂದುಕೊಟ್ಟರಾ? 1981ರಲ್ಲಿ ಪರೀಕ್ಷೆ ಬರೆದು ಬ್ಯಾಂಕ್ ಸೇರಿದವನು ನಾನು.

ಅಣ್ಣ: ನೀವು ಬುದ್ಧಿವಂತರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ 1969ರಲ್ಲಿ 14 ಬ್ಯಾಂಕ್, 1980ರಲ್ಲಿ ಇನ್ನೂ 6 ರಾಷ್ಟ್ರೀಕರಣ ಆಗಿ ಹಳ್ಳಿಹಳ್ಳಿಗೆ ಶಾಖೆ ತೆರೆಯುತ್ತಿದ್ದ ಕಾಲ ಅದು, ಜನ ಬೇಕಿತ್ತು. ಓದು ಮುಗಿದ ವರ್ಷ ಯಾವುದು ಅನ್ನೋದೇ ಅರ್ಧ ಹಣೆಬರಹ. ಲೀಸಾ ಕಾನ್ ಅನ್ನುವ ಅರ್ಥಶಾಸ್ತ್ರಜ್ಞೆ ಅಮೆರಿಕದ ಲೆಕ್ಕ ಹಾಕಿದ್ದಾರೆ. ಕೆಟ್ಟ ಕಾಲದಲ್ಲಿ ಡಿಗ್ರಿ ಮುಗಿಸಿದವರ ಸಂಬಳ ಹದಿನೈದು ವರ್ಷ ಆದರೂ ಉಳಿದವರಿಗಿಂತ ಹಿಂದೆಯೇ ಇತ್ತಂತೆ. ಅವರೆಲ್ಲ ಸೋಮಾರಿಗಳಾ? ನನ್ನದೇ ನೋಡಿ, ನನಗಿಂತ ಎರಡು ವರ್ಷ ಚಿಕ್ಕವನು ಈಗ ನನ್ನ ಮ್ಯಾನೇಜರ್. (ಒಳ್ಳೆಯವನೇ, ಪಾಪ.)

ಅತ್ತೆ: ಡಿಗ್ರಿ ಮುಗಿಸಿ ಕೆಲಸ ಸಿಗದವರಿಗೆ ಸರ್ಕಾರದ ಯುವನಿಧಿ ಇದೆಯಲ್ಲ, ತಿಂಗಳಿಗೆ 3000 ಕೊಡುತ್ತಾರೆ

ಪುಟ್ಟಿ: ಎರಡೇ ವರ್ಷ ಅತ್ತೆ. ಬೆಂಗಳೂರಲ್ಲಿ ಅದು ಪಿಜಿ ಬಾಡಿಗೆಗೂ ಸಾಲುವುದಿಲ್ಲ.

ಮಾವ: ಸರಿ ಸರಿ. ಆದರೂ ಹುಡುಕಬೇಕು ಅಂದಿದ್ದರಲ್ಲಿ ತಪ್ಪೇನಿದೆ? ಪುಟ್ಟಿ, ನಿನ್ನ ರೆಸ್ಯೂಮ್ ಕಳಿಸು, ಯಾರಿಗಾದರೂ ಹೇಳಿ ನೋಡೋಣ.

ಪುಟ್ಟಿ: ಇದೇ ಗ್ರೂಪಲ್ಲಿ ಮೂರು ಸಲ ಹಾಕಿದ್ದೇನೆ ಮಾವ. ಸ್ವಲ್ಪ ಮೇಲೆ ಹುಡುಕಿ.