ರಾತ್ರಿ ಕಲಸಿ ಬೆಳಿಗ್ಗೆ ಬೇಯಿಸುವ ಬ್ರೆಡ್: ಮಾಡಿದವರು ಅನುಭವ ಹೇಳ್ರಿ

ಪ್ರಶ್ನೆ, ರಾಯಚೂರಿನಿಂದ: ಮಕ್ಕಳ ಡಬ್ಬಿಗೆ ಮನೆಯಲ್ಲೇ ಮೆತ್ತನೆ ಸ್ಯಾಂಡ್‌ವಿಚ್ ಬ್ರೆಡ್ ಮಾಡಬೇಕು. ಬೆಳಿಗ್ಗೆ ಟೈಮ್ ಇರಲ್ಲ. ರಾತ್ರಿ ಹಿಟ್ಟು ಕಲಸಿಟ್ಟರೆ ನಮ್ಮ ಬಿಸಿಲಿಗೆ ಆಗುತ್ತಾ? ಓಟಿಜಿ (ಕರೆಂಟ್ ಓವನ್) ಚಿಕ್ಕದು.

ಬಳ್ಳಾರಿಯಿಂದ: ಆಗುತ್ತೆ, ಆದರೆ ಫ್ರಿಜ್‌ನಲ್ಲಿ. ಯೂಟ್ಯೂಬ್‌ನಲ್ಲಿ ರಾತ್ರಿಯಿಡೀ ಕಟ್ಟೆ ಮೇಲೆ ಬಿಡಿ ಅನ್ನುವುದು ಚಳಿ ದೇಶದವರ ಲೆಕ್ಕ. ಇಲ್ಲಿ ಮೇ ತಿಂಗಳಲ್ಲಿ ರಾತ್ರಿ ಮಲಗುವ ಹೊತ್ತಿಗೂ ಅಡುಗೆಮನೆ ಗೋಡೆ ಬಿಸಿ ಇರುತ್ತೆ. ಹೊರಗಿಟ್ಟ ಹಿಟ್ಟು ಬೆಳಗಿನ ಜಾವಕ್ಕೇ ಉಬ್ಬಿ ಕುಸಿದು ಹೆಂಡದ ವಾಸನೆ ಹೊಡೆಯುತ್ತೆ. ನಾನು ಅರ್ಧ ಕೆಜಿ ಮೈದಾಕ್ಕೆ ಇನ್‌ಸ್ಟಂಟ್ ಯೀಸ್ಟ್ 2 ಗ್ರಾಂ, ಉಪ್ಪು 9 ಗ್ರಾಂ, ತಣ್ಣನೆ ಹಾಲು 320 ಎಂಎಲ್, ಕೊನೆಗೆ ಬೆಣ್ಣೆ 40 ಗ್ರಾಂ ಹಾಕುತ್ತೇನೆ. ಇನ್ನು ಖರ್ಚು ಕೇಳಿ. ಓಟಿಜಿ 6,200, ಟಿನ್ 380, ತೂಕದ ಯಂತ್ರ 450, ಅದರ ಸೆಲ್ ಬೇರೆ. ಆಮೇಲೆ ಆನ್‌ಲೈನ್‌ನಲ್ಲಿ ಅರ್ಧ ಕೆಜಿ ಯೀಸ್ಟ್ ತರಿಸಿದೆ. ಯಾವ ಗೋಡೌನ್‌ನಲ್ಲಿ ಎಷ್ಟು ದಿನ ಬೆಂದಿತ್ತೋ, ಉಗುರುಬೆಚ್ಚನೆ ನೀರಿಗೆ ಹಾಕಿದರೆ ಒಂದು ಗುಳ್ಳೆ ಏಳಲಿಲ್ಲ. ವಾಪಸ್ಸೂ ತಗೊಳ್ಳಲಿಲ್ಲ. ಆ ದುಡ್ಡು ಇನ್ನೂ ಹೊಟ್ಟೆ ಉರಿಸುತ್ತೆ.

ಗಂಗಾವತಿಯಿಂದ: ಫ್ರಿಜ್ ಅಂತೀರಿ, ಕರೆಂಟ್ ಯಾರು ಕೊಡ್ತಾರೆ? ಶಕ್ತಿನಗರ, ಕುಡತಿನಿ ಎರಡೂ ಕಡೆ ಕರೆಂಟ್ ತಯಾರಾಗೋದು ನಮ್ಮ ಪಕ್ಕದಲ್ಲೇ, ಕತ್ತಲಲ್ಲಿ ಕೂರೋರೂ ನಾವೇ. ಓಟಿಜಿ ಇನ್ವರ್ಟರ್ ಮೇಲೆ ನಡೆಯಲ್ಲ. ನಾನು ಹಳೇ ಕುಕ್ಕರ್‌ನ ಸೀಟಿ, ರಬ್ಬರ್ ತೆಗೆದು, ತಳಕ್ಕೆ ಉಪ್ಪು ಹರಡಿ, ಸ್ಟ್ಯಾಂಡ್ ಮೇಲೆ ಟಿನ್ ಇಟ್ಟು ಬೇಯಿಸುತ್ತೇನೆ. ಬ್ರೆಡ್ ಬ್ರೆಡ್ಡೇ. 6,200 ಉಳೀತು.

ಬಳ್ಳಾರಿಯಿಂದ: ಮೇಲೆ ಬಣ್ಣ ಬರುತ್ತಾ ಅದಕ್ಕೆ? ಬಿಳಿಚಿಕೊಂಡ ಇಡ್ಲಿ ಥರ ಇರುತ್ತೆ, ಸುಮ್ನೆ ಏನೋ ಹೇಳಬೇಡಿ.

ಸಿಂಧನೂರಿನಿಂದ: ಅಕ್ಕಾ, ಮಕ್ಕಳಿಗೆ ಮೈದಾ ಯಾಕೆ? ಮನೆಯಲ್ಲಿ ಖಡಕ್ ರೊಟ್ಟಿ ಇಲ್ವಾ? ನಾನು ಗೋಧಿ ಹಿಟ್ಟಲ್ಲೇ ಮಾಡುತ್ತೇನೆ. ನೀರು ಜಾಸ್ತಿ ಕುಡಿಯುತ್ತೆ, ತೌಡಿಗೆ ಅಷ್ಟು ಉಬ್ಬಲ್ಲ, ಒಪ್ಪಿದೆ. ಆದರೆ ತಿಂದರೆ ಹೊಟ್ಟೆಗೆ ಹತ್ತುತ್ತೆ.

ಕೊಪ್ಪಳದಿಂದ: ಅವರು ಕೇಳಿದ್ದು ಮೆತ್ತನೆ ಬ್ರೆಡ್ಡು, ನೀವು ರೊಟ್ಟಿ ತಂದಿರಿ. ಜೋಳದಲ್ಲಿ ಹಿಟ್ಟನ್ನು ಹಿಡಿದಿಡೋ ಅಂಟು, ಅಂದ್ರೆ ಗ್ಲುಟನ್ನೇ ಇಲ್ಲ, ಅದಕ್ಕೇ ಬಿಸಿ ನೀರಲ್ಲಿ ನಾದಿ ತಟ್ಟೋದು. ಅದರ ಬ್ರೆಡ್ ಮಾಡಿ ತೋರಿಸಿ ನೋಡೋಣ. ನಾನು 20 ಗ್ರಾಂ ಮೈದಾನ 100 ಎಂಎಲ್ ಹಾಲಲ್ಲಿ ಗಂಜಿ ಕಾಯಿಸಿ, ಆರಿಸಿ ಹಿಟ್ಟಿಗೆ ಸೇರಿಸುತ್ತೇನೆ. ಹಾಲಿನ ಲೆಕ್ಕದಲ್ಲಿ ಅಷ್ಟು ಕಡಿಮೆ ಮಾಡಬೇಕು. ಮಾರನೇ ದಿನ ಬೆರಳಲ್ಲಿ ಒತ್ತಿದರೂ ತಗ್ಗು ಬಿದ್ದು ನಿಧಾನಕ್ಕೆ ಮೇಲೆ ಬರುತ್ತೆ. ರಾತ್ರಿಯೇ ಸುತ್ತಿ ಟಿನ್‌ಗೆ ಹಾಕಿ ಮುಚ್ಚಿ ಫ್ರಿಜ್‌ನಲ್ಲಿಡಿ. ಬೇಸಿಗೆಯಲ್ಲಿ ಬೇಯಿಸುವ ಒಂದು ಗಂಟೆ ಮೊದಲು ತೆಗೆದರೆ ಸಾಕು, ಡಿಸೆಂಬರಲ್ಲಿ ಎರಡು ಗಂಟೆಯಾದರೂ ಬೇಕು. ಪೂರ್ತಿ ಆರಿದ ಮೇಲೆ ಕೊಯ್ಯಿರಿ, ಬಿಸಿಗೇ ಕೊಯ್ದರೆ ಒಳಗೆ ಅಂಟಂಟು. ಬೆಂದ ಬ್ರೆಡ್ ಮಾತ್ರ ಫ್ರಿಜ್‌ಗೆ ಬೇಡ, ಹೊರಗಿಗಿಂತ ಬೇಗ ಬಿರುಸಾಗುತ್ತೆ. ಫ್ರೀಜರ್ ಆದರೆ ಓಕೆ.

ಸಿಂಧನೂರಿನಿಂದ: ನಮಗೆ ಪಾಠ ಬೇಡ. ಬೆಣ್ಣೆ, ಹಾಲು, ಕರೆಂಟ್ ಬಿಲ್ ಸೇರಿಸಿ ಒಂದು ಬ್ರೆಡ್ ಎಷ್ಟಕ್ಕೆ ಬೀಳುತ್ತೆ ಅಂತ ಮೊದಲು ಹೇಳಿ.

ಕೊಪ್ಪಳದಿಂದ: ಅಂಗಡಿಯದಕ್ಕಿಂತ ಜಾಸ್ತಿನೇ. ನಮ್ಮನೆ ದುಡ್ಡು, ನಿಮಗ್ಯಾಕೆ ಚಿಂತೆ?

ಗಂಗಾವತಿಯಿಂದ: ಬಳ್ಳಾರಿಯವರೇ, ಬಣ್ಣಕ್ಕೆ ಕೊನೆಗೆ ಕಾದ ತವಾ ಮೇಲೆ ಬೆಣ್ಣೆ ಸವರಿ ಬ್ರೆಡ್ ಬೋರಲು ಹಾಕಿ. ಎರಡು ನಿಮಿಷದ ಕೆಲಸ.

ಬಳ್ಳಾರಿಯಿಂದ: ಕುಕ್ಕರ್, ಉಪ್ಪು, ಸ್ಟ್ಯಾಂಡು, ಈಗ ತವಾ. ಗ್ಯಾಸ್ ಸಿಲಿಂಡರ್ ಎಷ್ಟು ದಿನ ಬರುತ್ತೆ ನಿಮ್ಮನೇಲಿ, ಅದನ್ನ ಹೇಳಿ.